ಭೂತನಾಳದ ದಾರಿಯಲ್ಲಿ ನೂರಾ ನಲವತ್ತು ಬಡಿತ

ಒಂದೂವರೆ ವರ್ಷದ ಹಿಂದೆ, ನನಗೆ ನಲವತ್ತೈದು ತುಂಬಿದ ಸೆಪ್ಟೆಂಬರಿನಲ್ಲಿ, ಹೃದಯದ ಬಡಿತವನ್ನೂ ಓಡಿದ ದೂರವನ್ನೂ ತೋರಿಸುವ ಜಿಪಿಎಸ್ ವಾಚೊಂದನ್ನು ಕೊಂಡೆ. ಅದರಿಂದ ನನ್ನ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ನನಗಿತ್ತು. ಆದರೆ ಮೊದಲ ಮೂರು ತಿಂಗಳು ಅದು ನನ್ನನ್ನು ಓಡಲು ಬಿಡಲೇ ಇಲ್ಲ. ವಿಜಯಪುರದಿಂದ ಭೂತನಾಳ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ನಸುಕಿನ ಐದೂವರೆಗೆ ನಾನು ಹೆಜ್ಜೆ ಹಾಕುತ್ತಿದ್ದರೆ, ವಾಯುವಿಹಾರಕ್ಕೆ ಬಂದ ನಿವೃತ್ತ ಹಿರಿಯರು ಮಾತಾಡುತ್ತಲೇ ನನ್ನನ್ನು ದಾಟಿ ಹೋಗುತ್ತಿದ್ದರು.

ವಾಚು ಕೊಳ್ಳುವುದಕ್ಕೆ ಕಾರಣ ನನ್ನೊಬ್ಬ ಗೆಳೆಯ. ನಮ್ಮ ಜಿಲ್ಲೆಯೂ ಪಕ್ಕದ ಬಾಗಲಕೋಟೆಯೂ ಸೈಕ್ಲಿಂಗಿಗೆ ಹೆಸರಾದವು. ಇಲ್ಲಿ ಓಟಗಾರರಿಗಿಂತ ಸೈಕಲ್ ತುಳಿದು ಪದಕ ತಂದವರೇ ಹೆಚ್ಚು ಸಿಗುತ್ತಾರೆ. ಗೆಳೆಯನೂ ತಾರುಣ್ಯದಲ್ಲಿ ಸೈಕಲ್ ಸ್ಪರ್ಧೆಗಳಲ್ಲಿ ಭಾಗವಹಿಸಿದವನು. ನಾನು ದಿನವೂ ಏದುಸಿರು ಬಿಡುತ್ತ ಮನೆಗೆ ಮರಳುವುದನ್ನು ಕೆಲವು ವಾರ ನೋಡಿದ ಅವನು ಒಂದು ದಿನ, "ಸರ, ನೀವು ದಿನಾ ರೇಸ್ ಓಡಾಕತ್ತೀರಿ. ಪ್ರ್ಯಾಕ್ಟೀಸ್ ಯಾವಾಗ ಮಾಡ್ತೀರಿ?" ಎಂದು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ. ಅದಕ್ಕೂ ಮೊದಲು ಓಡಿದ್ದ ಅರ್ಧ ಮ್ಯಾರಥಾನಿಗೆ ನಾನು ತೆಗೆದುಕೊಂಡಿದ್ದು 2 ಗಂಟೆ 24 ನಿಮಿಷ, ಮತ್ತು ಎಷ್ಟು ಬೆವರು ಸುರಿಸಿದರೂ ಆ ಅಂಕಿ ಕದಲುತ್ತಿರಲಿಲ್ಲ.

ದೂರದ ಓಟಕ್ಕೆ ಬೇಕಾದ ಬಲದ ಬಹುಪಾಲು ಸುಲಭದ ಓಟದಿಂದಲೇ ಬರುತ್ತದೆ. ಉಸಿರು ಕಟ್ಟದ ವೇಗದಲ್ಲಿ ತಿಂಗಳುಗಟ್ಟಲೆ ಓಡಿದಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ದೇಹವು ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ರೂಢಿಸಿಕೊಳ್ಳುತ್ತದೆ, ಹೃದಯವು ಒಂದೊಂದು ಬಡಿತಕ್ಕೆ ಹೆಚ್ಚು ರಕ್ತವನ್ನು ದೂಡಲು ಶಕ್ತವಾಗುತ್ತದೆ. ಸುಲಭವೆಂದರೆ ಎಷ್ಟು ಸುಲಭ ಎಂಬುದನ್ನು ಮಾತ್ರ ನಮ್ಮಂಥವರ ಮನಸ್ಸು ಒಪ್ಪುವುದಿಲ್ಲ; ಮುಂದೆ ಯಾರಾದರೂ ಓಡುತ್ತಿದ್ದರೆ ಕಾಲು ತಾನಾಗಿ ಚುರುಕಾಗುತ್ತದೆ. ಬಡಿತದ ಅಂಕಿ ಬೇಕಾಗಿದ್ದು ಅದಕ್ಕೇ.

ಪೆಟ್ಟಿಗೆಯಿಂದ ತೆಗೆದ ವಾಚಿಗೆ ವಯಸ್ಸನ್ನು ತಿಳಿಸಿದೊಡನೆ ಅದು 220ರಲ್ಲಿ ವಯಸ್ಸನ್ನು ಕಳೆದು, ನನ್ನ ಗರಿಷ್ಠ ಬಡಿತ ನಿಮಿಷಕ್ಕೆ 175 ಎಂದು ತೀರ್ಮಾನಿಸಿತು. ಅದರ ಶೇಕಡಾ 60ರಿಂದ 70ರ ಭಾಗವನ್ನು, ಅಂದರೆ 105ರಿಂದ 122ರವರೆಗಿನ ಬಡಿತವನ್ನು, 'ಸುಲಭ' ಎಂದು ಗುರುತು ಮಾಡಿಕೊಂಡಿತು. ನಾನು ನಾಲ್ಕು ಹೆಜ್ಜೆ ಓಡಿದರೆ ಬಡಿತ 125 ದಾಟುತ್ತಿತ್ತು, ವಾಚು ಮಣಿಕಟ್ಟಿನಲ್ಲಿ ಗುರುಗುಟ್ಟುತ್ತಿತ್ತು, ನಾನು ಮತ್ತೆ ನಡೆಯುತ್ತಿದ್ದೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರನಾಗಿಯೂ, ಆ ಸೂತ್ರ ಎಲ್ಲಿಂದ ಬಂತು, ಅದರ ತಪ್ಪಿನ ಅಂತರ ಎಷ್ಟು ಎಂದು ಮೂರು ತಿಂಗಳು ಕೇಳದೆ ಹೋದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಅದು ಒಂದು ಗುಂಪಿನ ಸರಾಸರಿಯನ್ನು ಹೇಳುವ ಸೂತ್ರ. ಒಬ್ಬೊಬ್ಬರ ನಿಜವಾದ ಗರಿಷ್ಠ ಬಡಿತವು ಅದರಿಂದ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರವು ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯಲು ಹೇಳುತ್ತದೆ. ಅದು ಹಿರಿಯರಿಗೆ ಹೆಚ್ಚು ಹೊಂದುತ್ತದೆ, ಆದರೆ ನನ್ನ ವಯಸ್ಸಿಗೆ ಅದರ ಉತ್ತರವೂ 176ರ ಆಸುಪಾಸೇ.

ಡಿಸೆಂಬರಿನಲ್ಲಿ, ವೈದ್ಯರ ಬಳಿ ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡ ಮೇಲೆ (ನಲವತ್ತು ದಾಟಿದವರು ಇದನ್ನು ತಪ್ಪಿಸಬಾರದು), ಊರ ಹೊರಗಿನ ಒಂದು ಏರಿನಲ್ಲಿ ಮೂರು ಮೂರು ನಿಮಿಷದಂತೆ ನಾಲ್ಕು ಸಲ ಶಕ್ತಿಯಿದ್ದಷ್ಟೂ ಓಡಿದೆ. ಕೊನೆಯ ಸಲ ಬಡಿತ 186ಕ್ಕೆ ಮುಟ್ಟಿತು. ಸೂತ್ರಕ್ಕೂ ನನ್ನ ಎದೆಗೂ ನಡುವೆ ಹನ್ನೊಂದು ಬಡಿತದ ಜಗಳ! ಅನಂತರ ಫಿನ್ಲೆಂಡಿನ ಕಾರ್ವೊನೆನ್ 1957ರಲ್ಲಿ ತೋರಿಸಿದ ವಿಧಾನವನ್ನು ಹಿಡಿದೆ. ಬೆಳಿಗ್ಗೆ ಹಾಸಿಗೆಯಲ್ಲಿರುವಾಗಿನ ವಿಶ್ರಾಂತಿಯ ಬಡಿತವನ್ನು ಗರಿಷ್ಠದಿಂದ ಕಳೆದು, ಉಳಿದದ್ದರ ಶೇಕಡಾ ಇಷ್ಟು ಎಂದು ತೆಗೆದು, ಅದನ್ನು ಮತ್ತೆ ವಿಶ್ರಾಂತಿಯ ಬಡಿತಕ್ಕೆ ಕೂಡಿಸಬೇಕು. ನನ್ನ ವಿಶ್ರಾಂತಿಯ ಬಡಿತ 56. ಆದ್ದರಿಂದ ನಡುವಿನ ಅಂತರ 130. ಅದರ ಶೇಕಡಾ 60ರಿಂದ 70 ಎಂದರೆ 134ರಿಂದ 147. ಅದೇ ಮನುಷ್ಯ, ಅದೇ ಕಾಲು. ಲೆಕ್ಕ ಬದಲಾದೊಡನೆ ನಡಿಗೆ ಓಟವಾಯಿತು. ಅಂದಿನಿಂದ ವಾರದ ಐದು ಓಟಗಳಲ್ಲಿ ನಾಲ್ಕನ್ನು 140ರ ಸುತ್ತಮುತ್ತಲೇ ಮುಗಿಸುತ್ತೇನೆ.

ಇಷ್ಟಾದ ಮೇಲೆ ವಾಚು ತೋರಿಸುವ ಬಡಿತವೇ ನಿಜವೋ ಅಲ್ಲವೋ ಎಂಬ ಪ್ರಶ್ನೆ ಎದ್ದಿತು. ಆ ಚಳಿಗಾಲದ ಒಂದು ಬೆಳಗ್ಗೆ ನಿರಾಳವಾಗಿ ಉಸಿರಾಡುತ್ತ ಹೊರಟ ಎರಡನೆಯ ನಿಮಿಷದಲ್ಲಿಯೇ ವಾಚು 168 ತೋರಿಸಿ ಅಲ್ಲೇ ನಿಂತುಬಿಟ್ಟಿತು. ನಿಂತು ಕುತ್ತಿಗೆಯ ನಾಡಿಯನ್ನು ಎಣಿಸಿದರೆ 130ಕ್ಕೂ ಕಡಿಮೆ. ಮಣಿಕಟ್ಟಿನ ಸಂವೇದಕವು ಹಸಿರು ಬೆಳಕನ್ನು ಚರ್ಮದೊಳಕ್ಕೆ ಬಿಟ್ಟು, ರಕ್ತ ಏರಿ ಇಳಿಯುವಾಗ ಮರಳುವ ಬೆಳಕಿನಲ್ಲಾಗುವ ವ್ಯತ್ಯಾಸವನ್ನು ಓದುತ್ತದೆ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗಿ ಆ ಸುಳಿವು ಕ್ಷೀಣವಾದಾಗ, ಕೈ ಬೀಸುವ ಲಯವನ್ನೇ ಅದು ಹೃದಯದ ಲಯವೆಂದು ಹಿಡಿದುಕೊಳ್ಳುತ್ತದೆ. ನನ್ನ ಹೆಜ್ಜೆಗಳು ನಿಮಿಷಕ್ಕೆ ಸುಮಾರು 168. ವಾಚು ಅಂದು ಎಣಿಸಿದ್ದು ನನ್ನ ಕಾಲುಗಳನ್ನು!

ವಾಚನ್ನು ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲಕ್ಕೆ ಬಿಗಿಯಾಗಿ ಕಟ್ಟಿದರೆ ಈ ತಪ್ಪು ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಆದ್ದರಿಂದ ಎದೆಗೆ ಕಟ್ಟುವ ಪಟ್ಟಿಯನ್ನು ಕೊಂಡೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ನೇರವಾಗಿ ಗ್ರಹಿಸುತ್ತದೆ. ಬಡಿತ ಅಳೆಯುವ ಈ ಜಾತಿಯ ಸಾಧನ ಹುಟ್ಟಿದ್ದೂ ಫಿನ್ಲೆಂಡಿನಲ್ಲಿಯೇ: 1977ರಲ್ಲಿ ಸ್ಥಾಪನೆಯಾದ ಪೋಲಾರ್ ಕಂಪನಿ 1982ರಲ್ಲಿ ನಿಸ್ತಂತು ಪಟ್ಟಿಯನ್ನು ಮಾರುಕಟ್ಟೆಗೆ ತಂದಿತು. ಆದರೆ ನಮ್ಮ ಊರಿನ ಒಣಹವೆಗೆ ಅದರದೂ ಒಂದು ತಕರಾರಿದೆ. ಬೆವರು ಬರುವತನಕ ಪಟ್ಟಿ ಒಣಗಿರುತ್ತದೆ, ವಿದ್ಯುತ್ ಸಂಪರ್ಕ ಸರಿಯಾಗಿ ಕೂಡುವುದಿಲ್ಲ, ಮೊದಲ ಹತ್ತು ನಿಮಿಷ ಅಂಕಿಗಳು ಹುಚ್ಚೆದ್ದು ಕುಣಿಯುತ್ತವೆ. ಈಗ ಹೊರಡುವ ಮುನ್ನ ತಂಬಿಗೆಯ ನೀರಿನಲ್ಲಿ ಪಟ್ಟಿಯ ಎರಡು ಕಡೆಯ ಮಚ್ಚೆಗಳನ್ನು ನೆನೆಸಿಕೊಳ್ಳುತ್ತೇನೆ. ಅಲ್ಲಿಗೆ ಸಮಸ್ಯೆ ಮುಗಿಯಿತು.

ಜಿಪಿಎಸ್ ವಿಷಯ ಬೇರೆ. ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅವು ಕಳುಹಿಸುವ ಸಂಕೇತ ಎಷ್ಟು ಹೊತ್ತಿಗೆ ತಲುಪಿತು ಎಂಬುದರಿಂದ ವಾಚು ದೂರವನ್ನು ಕಂಡುಹಿಡಿಯುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ಲೆಕ್ಕದಲ್ಲಿ 300 ಮೀಟರ್ ತಪ್ಪುತ್ತದೆ. ಸ್ಥಳವನ್ನು ಗುರುತಿಸಲು ಮೂರು ಉಪಗ್ರಹ ಸಾಕೆನಿಸಿದರೂ, ವಾಚಿನೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯದು ಬೇಕು. ಅಮೆರಿಕವು ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅದು ನಿಲ್ಲದಿದ್ದರೆ ಹತ್ತಾರು ಮೀಟರ್ ಆಚೀಚೆ ಜಿಗಿಯುವ ಅಂಕಿಗಳನ್ನು ನಂಬಿ ಓಡುವವರು ಯಾರಿರುತ್ತಿದ್ದರು? ಗಾರ್ಮಿನ್ ಕಂಪನಿಯ ಮೊದಲ ಫೋರ್‌ರನ್ನರ್ ವಾಚುಗಳು ಬಂದದ್ದು 2003ರಲ್ಲಿ.

ಬಯಲಿನ ಭೂತನಾಳ ದಾರಿಯಲ್ಲಿ ನನ್ನ ವಾಚು ದೂರವನ್ನು ಚೆನ್ನಾಗಿಯೇ ಅಳೆಯುತ್ತದೆ. ಗೋಳಗುಮ್ಮಟದ ಅಂಗಳದಲ್ಲಿ, ಗೋಡೆಗೆ ಹತ್ತಿರವಾಗಿ ಸುತ್ತು ಹಾಕಿದ ದಿನ ಮಾತ್ರ ಮನೆಗೆ ಬಂದು ನಕ್ಷೆ ನೋಡಿದರೆ, ನಾನು ಎರಡು ಸಲ ಆದಿಲಶಾಹಿ ಗೋಡೆಯನ್ನು ತೂರಿ ಗೋರಿಗಳ ಮೇಲೆಯೇ ಓಡಿದ್ದೆ. 1656ರಲ್ಲಿ ಪೂರ್ಣಗೊಂಡ ಆ ಕಟ್ಟಡ ಒಂದು ಕಡೆಯ ಆಕಾಶವನ್ನೇ ಮರೆಮಾಡುತ್ತದೆ. ನೇರವಾಗಿ ಬರಬೇಕಾದ ಸಂಕೇತ ಗೋಡೆಗೆ ಬಡಿದು ಬಳಸಿಕೊಂಡು ಬರುತ್ತದೆ. ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಮ್ಮೆ ತಟ್ಟಿದ ಚಪ್ಪಾಳೆ ಹಲವು ಸಲ ಕೇಳಿಸುತ್ತದೆಯಲ್ಲ, ವಾಚಿನದೂ ಅದೇ ಪಾಡು. ತಡವಾಗಿ ಬಂದ ಪ್ರತಿಧ್ವನಿಯನ್ನು ಅಸಲಿಯೆಂದು ನಂಬಿ ಅದು ಉಪಗ್ರಹವನ್ನು ಇನ್ನೂ ದೂರದಲ್ಲಿದೆ ಎಂದುಕೊಳ್ಳುತ್ತದೆ. ಎರಡು ತರಂಗಾಂತರಗಳನ್ನು ಹಿಡಿಯುವ ಹೊಸ ವಾಚುಗಳು ಇದನ್ನು ಬಹುಮಟ್ಟಿಗೆ ನಿಭಾಯಿಸುತ್ತವೆ, ನನ್ನದು ಆ ದರ್ಜೆಯದಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮೂರಿನ ವೃಕ್ಷಥಾನ್ ಹೆರಿಟೇಜ್ ರನ್‌ನಲ್ಲಿ 21 ಕಿ.ಮೀ. ವಿಭಾಗವನ್ನು 2 ಗಂಟೆ 11 ನಿಮಿಷದಲ್ಲಿ ಮುಗಿಸಿದೆ. ವಾಚು 21.38 ಕಿ.ಮೀ. ತೋರಿಸಿತು. ಅಂತಿಮ ಗೆರೆಯ ಬಳಿ ಕೆಲವರು ದಾರಿಯ ಅಳತೆಯೇ ತಪ್ಪೆಂದು ವಾದಿಸುತ್ತಿದ್ದರು. ಓಟದ ಮಾರ್ಗವನ್ನು ನಿಯಮದಂತೆ ಅಳೆಯುವುದು ತಿರುವುಗಳ ಒಳಅಂಚಿನ ಅತಿ ಕಡಿಮೆ ದೂರದ ಗೆರೆಯಲ್ಲಿ. ನಾವು ಓಡುವುದು ಜನರನ್ನು ಬಳಸಿ, ನೀರಿನ ಮೇಜಿನತ್ತ ವಾಲಿ, ತಿರುವಿನ ಹೊರಗಡೆ. ಅದರ ಮೇಲೆ ಜಿಪಿಎಸ್ ಗುರುತುಗಳ ಸಣ್ಣ ಅಂಕುಡೊಂಕು ಕೂಡಿಕೊಳ್ಳುತ್ತದೆ. ಆದ್ದರಿಂದ ವಾಚು ತೋರಿಸುವ ವೇಗ ಕಿಲೋಮೀಟರಿಗೆ ನಾಲ್ಕೈದು ಸೆಕೆಂಡು ಉದಾರವಾಗಿರುತ್ತದೆ. ಗುರಿ ಇಟ್ಟುಕೊಂಡವರು ರಸ್ತೆಬದಿಯ ಕಿಲೋಮೀಟರ್ ಫಲಕ ಬಂದಾಗಲೆಲ್ಲ ಗುಂಡಿಯನ್ನು ತಾವೇ ಒತ್ತಿ ವೇಳೆ ಗುರುತಿಸಿಕೊಳ್ಳುವುದು ಕ್ಷೇಮ.

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲು. ಏಪ್ರಿಲಿನಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ಮುಟ್ಟುವ ಊರಿನಲ್ಲಿ ಬೆಳಗಿನ ಆರೂವರೆಗೇ ನೆಲ ಕಾಯತೊಡಗುತ್ತದೆ. ಮೈ ತಣಿಸಲು ರಕ್ತದ ದೊಡ್ಡ ಪಾಲು ಚರ್ಮಕ್ಕೆ ಹೋಗುತ್ತದೆ, ಬೆವರಿನಿಂದ ರಕ್ತದ ನೀರಿನಂಶ ಕಡಿಮೆಯಾಗುತ್ತದೆ, ಒಂದೊಂದು ಬಡಿತಕ್ಕೆ ಹೃದಯ ದೂಡುವ ರಕ್ತ ಇಳಿಯುತ್ತದೆ. ಕೊರತೆಯನ್ನು ತುಂಬಲು ಅದು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಕಳೆದ ವರ್ಷ ಸೊಲ್ಲಾಪುರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿದ 16 ಕಿ.ಮೀ.ಗಳಲ್ಲಿ, ಮೊದಲ ಗಂಟೆ 142ರಲ್ಲಿದ್ದ ಬಡಿತ ಕೊನೆಗೆ 158ಕ್ಕೆ ಏರಿತ್ತು. ವೇಗವನ್ನೇ ನಂಬಿದವರು ಇಂಥ ಬೆಳಗಿನಲ್ಲಿ ತಮಗೆ ಅರಿವಿಲ್ಲದೆ ಕಠಿಣ ಓಟ ಓಡಿರುತ್ತಾರೆ. ನಾನು ಮಾರ್ಚಿನಿಂದ ಮೇವರೆಗೆ ವಾಚಿನ ಮುಖದಿಂದ ವೇಗದ ಅಂಕಿಯನ್ನೇ ತೆಗೆದುಹಾಕುತ್ತೇನೆ. ಬಡಿತ ಮತ್ತು ವೇಳೆ, ಎರಡೇ ಉಳಿಯುತ್ತವೆ.

ವಿಶ್ರಾಂತಿಯ ಬಡಿತವೂ ಒಳ್ಳೆಯ ಸಾಕ್ಷಿ. ಎಳ್ಳಮಾವಾಸ್ಯೆಯ ದಿನ ಸಂಬಂಧಿಕರ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಲೆಕ್ಕವಿಲ್ಲದೆ ಉಂಡು, ರಾತ್ರಿ ತಡವಾಗಿ ಮಲಗಿದ ಮರುದಿನ ಅದು 56ರಿಂದ 64ಕ್ಕೆ ಜಿಗಿದಿತ್ತು. ಅಂದು ಇದ್ದ ಕಠಿಣ ಓಟವನ್ನು ಕೈಬಿಟ್ಟೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ವಾರಗಳಲ್ಲಿ, ಜ್ವರ ಬರುವ ಮುನ್ನಾದಿನ, ಹೀಗೆಯೇ ಏರುತ್ತದೆ. ವಾಚು ತಾನಾಗಿ ಕೊಡುವ 'ಚೇತರಿಕೆಗೆ ಇಷ್ಟು ಗಂಟೆ' ಎಂಬ ಸಲಹೆಯನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಪ್ರಗತಿಯನ್ನು ತಿಳಿಯಲು ನನ್ನದೇ ಒಂದು ಪರೀಕ್ಷೆ ಇದೆ: ತಿಂಗಳಿಗೊಮ್ಮೆ, ಒಂದೇ ದಾರಿಯಲ್ಲಿ 8 ಕಿ.ಮೀ., ಬಡಿತ 140 ದಾಟದಂತೆ. ಕಳೆದ ವರ್ಷದ ಜನವರಿಯಲ್ಲಿ ಅದಕ್ಕೆ 61 ನಿಮಿಷ 20 ಸೆಕೆಂಡು ಹಿಡಿಯಿತು, ಏಪ್ರಿಲಿನಲ್ಲಿ 65 ನಿಮಿಷ 20 ಸೆಕೆಂಡು. ಈ ಜನವರಿಯಲ್ಲಿ 55 ನಿಮಿಷ 20 ಸೆಕೆಂಡು. ಏಪ್ರಿಲನ್ನು ಏಪ್ರಿಲಿಗೇ ಹೋಲಿಸಬೇಕೆಂಬ ಸಣ್ಣ ವಿವೇಕ ನನಗೆ ಬಂದಿದೆ, ವಾಚಿಗೆ ಬಂದಿಲ್ಲ. ಕಳೆದ ಭಾನುವಾರ ಅದೇ ದೂರವನ್ನು ಸರಿಯಾಗಿ 60 ನಿಮಿಷದಲ್ಲಿ ಮುಗಿಸಿ ಕೆರೆಯ ಏರಿಯ ಮೇಲೆ ಕುಳಿತಾಗ, ನನ್ನ ದೇಹಸಾಮರ್ಥ್ಯ ಕುಸಿಯುತ್ತಿದೆ ಎಂಬ ಎಚ್ಚರಿಕೆಯೊಂದು ಪರದೆಯ ಮೇಲೆ ಮೂಡಿತು. ಗೆಳೆಯನಿಗೆ ತೋರಿಸಿದೆ. ಅವನು ಅದನ್ನೂ ನನ್ನ ಟಿಪ್ಪಣಿ ಪುಸ್ತಕವನ್ನೂ ಒಟ್ಟಿಗೆ ನೋಡಿ, "ಸರ, ಇದಕ್ಕ ನಮ್ಮೂರ ಬ್ಯಾಸಗಿ ಗೊತ್ತಿಲ್ರಿ" ಎಂದು ಸೈಕಲ್ ಏರಿ ಹೊರಟ.