ಮುಳ್ಳು ಏರಿತು, ಆದರೆ ಗಾಳಿ ಏರಿತಾ?

ಗ್ಲೈಡರ್‌ಗೆ ಎಂಜಿನ್ ಇರುವುದಿಲ್ಲ. ಮೇಲೇಳುವ ಗಾಳಿ ಸಿಕ್ಕರಷ್ಟೇ ಎತ್ತರ. ಅದು ಸಿಕ್ಕಿತೋ ಇಲ್ಲವೋ ಅಂತ ಪೈಲಟ್‌ಗೆ ಮುಳ್ಳಾಡಿಸಿ ಹೇಳುವುದು ವೇರಿಯೋಮೀಟರ್. 1928ರಲ್ಲಿ ಆಸ್ಟ್ರಿಯಾದ ಗ್ಲೈಡರ್ ಪೈಲಟ್ ರಾಬರ್ಟ್ ಕ್ರೋನ್‌ಫೆಲ್ಡ್ ಇದನ್ನು ಇಟ್ಟುಕೊಂಡು ಹಾರಿದ್ದ. ಇಷ್ಟು ಹಳೆಯ ಉಪಕರಣ ಒಂದು ಕಡೆ ಇವತ್ತಿಗೂ ಎಡವುತ್ತದೆ.

ಸ್ಟಿಕ್ ಎಳೆದರೆ ವೇಗ ಇಳಿದು ಎತ್ತರ ಏರುತ್ತದೆ. ಅದು ಲಿಫ್ಟ್, ಅಂದರೆ ಮೇಲೇಳುವ ಗಾಳಿ ಅಲ್ಲ, ಅಲ್ವಾ? ಅದಕ್ಕೇ ಈಗಿನ ವೇರಿಯೋ ಎತ್ತರ, ವೇಗ ಎರಡನ್ನೂ ಸೇರಿಸಿ ಒಟ್ಟು ಶಕ್ತಿಯ ಲೆಕ್ಕ ಹಾಕುತ್ತದೆ. ತೊಂದರೆ ಇರುವುದೂ ಇಲ್ಲೇ. ನಮ್ಮ ಬೆಳಗಾವಿಯ ಯಳ್ಳೂರ ಕೋಟೆ ಮೇಲೆ ನಿಂತವರಿಗೆ ಗೊತ್ತು: ಗುಡ್ಡಕ್ಕೆ ಬಡಿದ ಗಾಳಿ ಮೇಲೇಳುತ್ತದೆ, ನಡುನಡುವೆ ಎದುರುಗಾಳಿ ಒಮ್ಮೆಲೇ ರಪ್ಪೆಂದು ಹೊಡೆಯುತ್ತದೆ. ಗಂಟೆಗೆ 108 ಕಿ.ಮೀ. ವೇಗದ ಗ್ಲೈಡರ್‌ಗೆ ಒಂದು ಸೆಕೆಂಡಿನಲ್ಲಿ ಎದುರುಗಾಳಿ ಸೆಕೆಂಡಿಗೆ 1 ಮೀಟರ್‌ನಷ್ಟು ಜಾಸ್ತಿಯಾದರೆ ಸಾಕು, ಆ ಲೆಕ್ಕದಲ್ಲಿ ಸೆಕೆಂಡಿಗೆ 3 ಮೀಟರ್ ಲಿಫ್ಟ್ ಬಂದಂತೆ ಆಗುತ್ತದೆ. ಪೈಲಟ್ ಅದನ್ನು ನಂಬಿ ಸುತ್ತು ಹೊಡೆದರೆ ಇದ್ದ ಎತ್ತರವೂ ಹೋಯಿತು.

ಹಾಗಾದರೆ ಸುಮ್ನೆ ವೇಗದ ಏರಿಳಿತ ಅಳೆಯುವ ಒಂದು ಸೆನ್ಸರ್, ಆಕ್ಸೆಲೆರೋಮೀಟರ್ ಇಟ್ಟರೆ ಆಯಿತಲ್ಲ ಅಂತ ಅನಿಸುತ್ತದೆ. ಉದ್ಯಮಬಾಗದ ನಮ್ಮ ವರ್ಕ್‌ಶಾಪಿನ ಟೇಬಲ್ ಮೇಲೆ ಸೆನ್ಸರ್ ಬೋರ್ಡನ್ನು ಕೇವಲ 1 ಡಿಗ್ರಿ ಓರೆ ಮಾಡಿ, ಅದು ಸಪಾಟಾಗಿದೆ ಅಂತಲೇ ಪ್ರೋಗ್ರಾಮಿಗೆ ಹೇಳಿ ಬಿಟ್ಟೆ. ಹತ್ತು ಸೆಕೆಂಡಿಗೆ ಪರದೆಯಲ್ಲಿ ವೇಗ ಸೆಕೆಂಡಿಗೆ 1.7 ಮೀಟರ್ ಆಗಿತ್ತು. "ಅಣ್ಣಾ, ಬೋರ್ಡ್ ಅಲ್ಲಾಡೇ ಇಲ್ಲ, ಸ್ಪೀಡ್ ಹೆಂಗ್ ಏರಾಕತ್ತೈತಿ?" ಅಂದ ತಮ್ಮ. ಓರೆಯಾದ ಸೆನ್ಸರ್ ಭೂಮಿಯ ಸೆಳೆತದ ಒಂದು ಚೂರನ್ನೇ ಚಲನೆ ಅಂತ ತಿಳಿದುಕೊಳ್ಳುತ್ತದೆ. ವಾಲಿಕೊಂಡೇ ಸುತ್ತುವ ಗ್ಲೈಡರ್‌ನಲ್ಲಿ ಇದು ಎಷ್ಟಾಗಬಹುದು, ಯೋಚಿಸಿ!

ಅದಕ್ಕೇ ನನ್ನ ಪ್ರಕಾರ ಇಲ್ಲಿ ನಿಜವಾದ ಕೆಲಸ ತಿರುಗುವುದನ್ನು ಅಳೆಯುವ ಸೆನ್ಸರ್ ಆದ ಗೈರೋದ್ದು. ಗ್ಲೈಡರ್ ಎಷ್ಟು ವಾಲಿದೆ ಅನ್ನುವುದನ್ನು ಅದು ಕ್ಷಣಕ್ಷಣಕ್ಕೂ ಹಿಡಿದಿಡುತ್ತದೆ. ನಿಧಾನವಾಗಿ ಸೇರಿಕೊಳ್ಳುವ ತಪ್ಪನ್ನು ಜಿಪಿಎಸ್ ತಿದ್ದುತ್ತದೆ. ನೆಲದ ಮೇಲಿನ ವೇಗದಿಂದ ಗಾಳಿಯೊಳಗಿನ ವೇಗವನ್ನು ದಿಕ್ಕು ಸಮೇತ ಕಳೆದರೆ ಉಳಿಯುವುದೇ ಗಾಳಿಯ ಚಲನೆ. ಅದರಲ್ಲಿ ಅಡ್ಡದ್ದು ಬೇರೆ, ಮೇಲಕ್ಕೆ ಹೋಗುವುದು ಬೇರೆ ಆಗಿ ಸಿಗುತ್ತದೆ. ಈಗ ಎಲ್‌ಎಕ್ಸ್‌ನ್ಯಾವ್ ಕಂಪನಿಯ ಹಾಕ್ ಅನ್ನುವ ವೇರಿಯೋ ವ್ಯವಸ್ಥೆ ಈ ದಾರಿಯಲ್ಲೇ ಲೆಕ್ಕ ಹಾಕುತ್ತದೆ.

ಇದಕ್ಕೂ ಒಂದು ಮಾಹಿತಿ ಪೈಲಟ್‌ನಿಂದಲೇ ಬರಬೇಕು: ಗ್ಲೈಡರ್‌ನ ತೂಕ. ರೆಕ್ಕೆ ಗಾಳಿಯನ್ನು ಯಾವ ಕೋನದಲ್ಲಿ ಸೀಳುತ್ತಿದೆ ಅನ್ನುವುದನ್ನು ತೂಕ, ವೇಗ, ಜಿ-ಬಲದಿಂದ ಅಂದಾಜು ಮಾಡಬೇಕು. ಭಾರಕ್ಕೆಂದು ರೆಕ್ಕೆಯಲ್ಲಿ ತುಂಬಿದ ನೀರನ್ನು ಹಾರುತ್ತಾ ಚೆಲ್ಲಿದ ಮೇಲೆ ಹಳೆಯ ತೂಕವೇ ಉಳಿದರೆ ಆ ಕೋನ ತಪ್ಪುತ್ತದೆ, ಲಿಫ್ಟಿನ ಅಂಕಿಯೂ ತಪ್ಪುತ್ತದೆ.