ಬಾವುಟಕ್ಕಾಗಿ ಗುಂಡು ತಿಂದ ಊರು

ಬೆಂಗಳೂರಿನಿಂದ ಗೌರಿಬಿದನೂರಿಗೆ ಬಸ್ಸಿಗೇನೂ ಬರವಿಲ್ಲ. ಆದರೂ ಹಿಂದೂಪುರದ ಕಡೆ ಹೋಗುವ ರೈಲು ಹತ್ತುವುದೇ ವಾಸಿ. ದೊಡ್ಡಬಳ್ಳಾಪುರ ದಾಟಿದ ಮೇಲೆ ಹಳಿ ಮಾಕಳಿದುರ್ಗದ ಬೆಟ್ಟವನ್ನು ಬಳಸಿಕೊಂಡು ಹೋಗುತ್ತದೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಟಿಕೆಟ್ ದುಡ್ಡು ಅಲ್ಲಿಗೇ ವಸೂಲಿ. ಆಮೇಲೆ ತೊಂಡೇಬಾವಿ, ಅದಾದ ಮೇಲೆ ಗೌರಿಬಿದನೂರು.

ಸ್ಟೇಷನ್ ಹೊರಗೆ ಕಾಲಿಟ್ಟರೆ ಅರ್ಧ ಕನ್ನಡ, ಅರ್ಧ ತೆಲುಗು. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಆಟೋದವನೂ ಮೊದಲು ತೆಲುಗಿನಲ್ಲೇ ಮಾತಾಡಿಸಿದ, ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದ.

"ವಿದುರಾಶ್ವತ್ಥಕ್ಕಾ? ನಾಗರ ಪ್ರತಿಷ್ಠೆ ಇದೆಯಾ ಸಾರ್?"

"ಇಲ್ಲಪ್ಪ, ವೀರಸೌಧ ನೋಡಬೇಕು."

"ಓ, ಗೋಲಿಬಾರ್ ಜಾಗಾನಾ? ಕೂತ್ಕೊಳಿ."

ಅವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಾಗರಿಗೇ ಬರುವವರು. ಮಹಾಭಾರತದ ವಿದುರ ನೆಟ್ಟ ಅಶ್ವತ್ಥ ಮರ ಇಲ್ಲಿತ್ತು ಎಂಬುದು ನಂಬಿಕೆ. ಆ ಹಳೇ ಮರ 2001ರಲ್ಲಿ ಬಿದ್ದುಹೋಯಿತು. ನಾಗರಕಲ್ಲುಗಳಿಗೆ ಮಾತ್ರ ಲೆಕ್ಕವೇ ಇಲ್ಲ. ಸಾಲಿನ ಹಿಂದೆ ಸಾಲು, ಒಂದಕ್ಕೊಂದು ಆತುಕೊಂಡು ನಿಂತಿವೆ. ಹಳೆಯ ಕಲ್ಲುಗಳಲ್ಲಿ ಹೆಡೆ ಸವೆದು ನುಣ್ಣಗಾಗಿದೆ, ಹೊಸದರ ಮೇಲೆ ಅರಿಶಿನ ಇನ್ನೂ ಹಸಿಯಾಗಿತ್ತು. ಮಕ್ಕಳಾಗಲಿ ಎಂದು ಹರಕೆ ಹೊತ್ತವರು, ಸರ್ಪದೋಷ ಅಂತ ಜೋಯಿಸರು ಹೇಳಿದವರು ತಂದು ನಿಲ್ಲಿಸಿದ ಕಲ್ಲುಗಳಿವು. ಹಣ್ಣುಕಾಯಿ ಅಂಗಡಿಯ ಅಕ್ಕನನ್ನು ಗೋಲಿಬಾರಿನ ಸ್ಮಾರಕವಾದ ವೀರಸೌಧದ ದಾರಿ ಕೇಳಿದೆ. "ಆಗಸ್ಟಲ್ಲಿ ಬರಬೇಕಿತ್ತು ಸಾರ್, ಸ್ಕೂಲ್ ಮಕ್ಕಳು ಜಾಸ್ತಿ ಬರ್ತಾರೆ. ಈಗ ಯಾರೂ ಇರಲ್ಲ," ಎಂದು ಕೈ ತೋರಿಸಿದರು.

ಯಾರೂ ಇರಲಿಲ್ಲ, ನಿಜ. ಗೋಡೆಯ ಚಿತ್ರಗಳನ್ನು ಆರಾಮಾಗಿ ನೋಡುವುದಕ್ಕೆ ಅದೇ ಒಳ್ಳೆಯದಾಯಿತು.

1938ರ ಏಪ್ರಿಲ್. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಹಾರಿಸಬಾರದು ಅಂತ ನಿಷೇಧ. ಆ ಬಾವುಟದಲ್ಲಿ ಈಗಿನ ಚಕ್ರವಿರಲಿಲ್ಲ, ನಡುವೆ ಚರಕವಿತ್ತು. ಮೊದಲು ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಅಧಿವೇಶನ ಸೇರಿ, ನಿಷೇಧ ಮುರಿದು ಬಾವುಟ ಏರಿಸಿದರು. ಒಬ್ಬೊಬ್ಬರನ್ನಾಗಿ ಹಿಡಿದು ಜೈಲಿಗೆ ಹಾಕಿದರು. ಅಲ್ಲಿ ಜೀವ ಹೋಗಲಿಲ್ಲ. ಸುದ್ದಿ ಊರೂರಿಗೆ ಹಬ್ಬಿತು. ಅದೇ ತಿಂಗಳ 25ರಂದು ಇಲ್ಲಿ, ಈ ತೋಪಿನಲ್ಲಿ, ಸುತ್ತಲ ಹಳ್ಳಿಯವರು ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಜನ ಅಂತ ಸರ್ಕಾರ ಒಪ್ಪಿಕೊಂಡಿತು. ಕಾಂಗ್ರೆಸ್ಸಿನವರು 32 ಎಂದರು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂಬ ಹೆಸರು ಈ ಊರಿಗೆ ಅಂಟಿದ್ದು ಹೀಗೆ.

ಈ ಹೋಲಿಕೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅಮೃತಸರದಲ್ಲಿ ಗುಂಡಿಗೆ ಆಜ್ಞೆ ಕೊಟ್ಟವನು ಬ್ರಿಟಿಷ್ ಅಧಿಕಾರಿ. ಇಲ್ಲಿದ್ದದ್ದು ನಮ್ಮದೇ ಸಂಸ್ಥಾನದ ಪೊಲೀಸರು. ಅದೂ ಎಂಥ ಸಂಸ್ಥಾನ? ಗಾಂಧೀಜಿ 'ರಾಜರ್ಷಿ' ಎಂದು ಕರೆದ ನಾಲ್ವಡಿಯವರದ್ದು. ದಿವಾನರು ಮಿರ್ಜಾ ಇಸ್ಮಾಯಿಲ್. ಅಣೆಕಟ್ಟು, ಕರೆಂಟು, ಕಾಲೇಜು ಎಲ್ಲ ಕೊಟ್ಟು ಮಾದರಿ ಅನ್ನಿಸಿಕೊಂಡ ರಾಜ್ಯ. ಅಂಥಲ್ಲೂ ರೈತನೊಬ್ಬ ತನ್ನದು ಅಂತ ಒಂದು ಬಾವುಟ ಕೈಯಲ್ಲಿ ಹಿಡಿದರೆ ಸರ್ಕಾರಕ್ಕೆ ಸಹಿಸಲಾಗಲಿಲ್ಲ. ಯಾಕೆ ಅಂತ ಯೋಚಿಸಿದರೆ ತೀರಾ ಕಷ್ಟವೇನಿಲ್ಲ. ಅರಮನೆಯ ಬಾವುಟದ ಕೆಳಗೆ ನಿಂತವನು ಪ್ರಜೆ, ನಿಲ್ಲು ಅಂದರೆ ನಿಲ್ಲುತ್ತಾನೆ. ತನ್ನ ಬಾವುಟ ತಾನೇ ಏರಿಸಿದವನು ನಾಳೆ ಲೆಕ್ಕ ಕೇಳುತ್ತಾನೆ, ಅಲ್ವಾ? ಅಧಿಕಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು.

ಗೋಲಿಬಾರ್ ಆದ ಮೇಲೆ ಮೇ ತಿಂಗಳಲ್ಲಿ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಬಂದು ಮಿರ್ಜಾ ಅವರ ಜೊತೆ ಮಾತಾಡಿದರು. ಒಪ್ಪಂದವಾಯಿತು. ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ. ಇಷ್ಟು ಮಾತು ಏಪ್ರಿಲಿನಲ್ಲೇ ಆಗಿದ್ದರೆ? ಆ ತೋಪಿನಲ್ಲಿ ನಿಂತಾಗ ಈ ಪ್ರಶ್ನೆ ಬಾರದೆ ಇರುವುದಿಲ್ಲ.

ಇನ್ನೊಂದು ವಿಚಾರ, ವೀರಸೌಧದ ಗೋಡೆಗೆ ಸಂಬಂಧಿಸಿದ್ದಲ್ಲ. ಸಂವಿಧಾನ ಸಭೆ ಈಗಿನ ಧ್ವಜವನ್ನು ಒಪ್ಪಿದ್ದು 1947ರ ಜುಲೈ 22ಕ್ಕೆ. ಚರಕ ಹೋಗಿ 24 ಕಡ್ಡಿಗಳ ಚಕ್ರ ಬಂತು. ಸ್ವಾತಂತ್ರ್ಯವೂ ಬಂತು. ಸರಿ, ಇನ್ನು ಯಾರು ಬೇಕಾದರೂ ದಿನಾ ಮನೆ ಮೇಲೆ ಹಾರಿಸಬಹುದು ಅಂದುಕೊಂಡಿರಾ? ಇಲ್ಲ. ಜನಸಾಮಾನ್ಯರಿಗೆ ಗೊತ್ತುಮಾಡಿದ ಕೆಲವು ದಿನ ಮಾತ್ರ ಅವಕಾಶವಿತ್ತು. ನವೀನ್ ಜಿಂದಾಲ್ ಎಂಬ ಉದ್ಯಮಿ ತಮ್ಮ ಕಾರ್ಖಾನೆಯಲ್ಲಿ ಧ್ವಜ ಹಾರಿಸಿದಾಗ ಅಧಿಕಾರಿಗಳು ತಕರಾರು ತೆಗೆದರು, ಅವರು ಕೋರ್ಟಿಗೆ ಹೋದರು. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಜಾರಿಗೆ ಬಂದು ಆ ನಿರ್ಬಂಧ ಹೋಯಿತು. 2004ರಲ್ಲಿ ಸುಪ್ರೀಂ ಕೋರ್ಟ್, ಗೌರವದಿಂದ ಧ್ವಜ ಹಾರಿಸುವುದು ನಾಗರಿಕನ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುವ ಹಕ್ಕು ಎಂದಿತು. ವಿದುರಾಶ್ವತ್ಥದಲ್ಲಿ ಜನ ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ನಡುವೆ 66 ವರ್ಷ.

ವಾಪಸ್ ಬರುವಾಗ ಆಟೋದವನಿಗೆ ಇದನ್ನೆಲ್ಲ ಹೇಳಿದೆ. ಅವನಿಗೆ ಕೋರ್ಟಿನ ಕಥೆಯಲ್ಲಿ ಅಂಥ ಆಸಕ್ತಿ ಇರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಇತ್ತು.

"ಸಾರ್, ಹರ್ ಘರ್ ತಿರಂಗಾ ಅಂತ ಕೊಟ್ರಲ್ಲ, ಅದನ್ನ ಮಹಡಿ ಮೇಲೆ ಕಟ್ಟಿದ್ದೆ. ಮಳೆ ಬಿಸಿಲಿಗೆ ಕೇಸರಿ ಬಣ್ಣ ಹೋಗಿ ಹಳದಿ ಆಯ್ತು, ಅಂಚು ಕಿತ್ತೋಯ್ತು. ಇಳಿಸಿ ಬೀರುವಿನಲ್ಲಿ ಇಟ್ಟಿದ್ದೀನಿ. ಏನ್ ಮಾಡಬೇಕು?"

ಅದು ಪಾಲಿಯೆಸ್ಟರ್ ಇರಬೇಕು. 2021ರ ಡಿಸೆಂಬರಿನಲ್ಲಿ ಸಂಹಿತೆ ತಿದ್ದಿ, ಮಷಿನ್ನಿನಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಗೆ ಧ್ವಜ ತಲುಪಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಟ್ಟೆಯ ಧ್ವಜ ಹೊಲಿಯುವ ಹೆಣ್ಣುಮಕ್ಕಳ ಹೊಟ್ಟೆಪಾಡಿಗೆ ಇದರಿಂದ ಪೆಟ್ಟು ಅಂತ ಅಲ್ಲಿ ಪ್ರತಿಭಟನೆಯೂ ನಡೆಯಿತು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಆಟೋದವನ ಮಹಡಿಗೆ ಧ್ವಜ ಬಂದದ್ದು ಆ ಅಗ್ಗದ ಬಟ್ಟೆಯಿಂದಲೇ. ಎರಡೂ ನಿಜ, ನನಗೆ ಇದರಲ್ಲಿ ಒಂದು ಪಕ್ಷ ಹಿಡಿಯಲು ಆಗುತ್ತಿಲ್ಲ.

"ಹರಿದದ್ದನ್ನ ಹಾರಿಸಬಾರದು. ಯಾರಿಗೂ ಕಾಣದ ಹಾಗೆ ಮರ್ಯಾದೆಯಿಂದ ಪೂರ್ತಿ ಸುಡುವುದು ವಾಸಿ ಅಂತ ಸಂಹಿತೆಯಲ್ಲಿದೆ," ಎಂದೆ.

ಅವನು ಗಾಡಿ ನಿಧಾನ ಮಾಡಿದ.

"ಸುಡೋದಾ? ನಮ್ಮಮ್ಮ ಒಪ್ಪಲ್ಲ ಸಾರ್. ದೇವರ ಫೋಟೋ ಹಳೇದಾದ್ರೆ ನೀರಿಗೆ ಬಿಡ್ತೀವಿ. ಸುಡೋದು ಅಂದ್ರೆ ಹೆಣ ಸುಟ್ಟ ಹಾಗೆ ಅಂತಾಳೆ."

"ಬೇರೆ ದಾರಿಯೂ ಆಗುತ್ತೆ, ಮರ್ಯಾದೆ ಇರಬೇಕು ಅಷ್ಟೆ."

"ಹಂಗಾದ್ರೆ ಬೀರುವಿನಲ್ಲೇ ಇರಲಿ ಬಿಡಿ," ಎಂದು ಸ್ಟೇಷನ್ ಕಡೆ ತಿರುಗಿಸಿದ.