ಮಾರಿಕಣಿವೆಯಲ್ಲಿ ಅತ್ತೆಯ ಲೆಕ್ಕ

ಚಿತ್ರದುರ್ಗದ ನಮ್ಮ ಅತ್ತೆ ಎಷ್ಟೋ ವರ್ಷಗಳಿಂದ ವಾಣಿವಿಲಾಸ ಸಾಗರದ ನೀರು ಕುಡಿಯುತ್ತಿದ್ದರೂ ಜಲಾಶಯವನ್ನು ಕಂಡವರಲ್ಲ. ನಲ್ಲಿಯಲ್ಲಿ ನೀರು ಬರುವ ಸದ್ದಿಗೆ ನಡುರಾತ್ರಿ ಎದ್ದು ಕೊಡ ಹಿಡಿದದ್ದೇ ಅವರಿಗಿದ್ದ ನಂಟು. ಹೋದ ಭಾನುವಾರ ಹಟ ಹಿಡಿದು ಕರೆದುಕೊಂಡು ಹೋದೆ.

ಹಿರಿಯೂರು ದಾಟಿ, ತೆಂಗಿನ ತೋಟಗಳ ನಡುವೆ ಸಾಗಿದರೆ ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ಕಲ್ಲಿನ ಗೋಡೆ ಎದ್ದು ನಿಲ್ಲುತ್ತದೆ. ಸುತ್ತಲಿನವರಿಗೆ ಇದು ಇಂದಿಗೂ ಮಾರಿಕಣಿವೆ. ಕೆಳಗೆ ಕಣಿವೆ ಮಾರಮ್ಮನ ಗುಡಿಯಿದೆ; ಅತ್ತೆ ಮೊದಲು ಅಲ್ಲಿಗೇ ನಡೆದರು.

ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1907ರಲ್ಲಿ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕಿದೆ. ಕಲ್ಲುಗಳ ಸಂದಿಯಲ್ಲಿರುವುದು ಸಿಮೆಂಟಲ್ಲ, ಸುಣ್ಣದ ಗಾರೆ. ಬೆರಳಿಂದ ಕೆರೆದು ನೋಡಿದೆ. ಒಂದು ಕಣವೂ ಉದುರಲಿಲ್ಲ, ಉಗುರೇ ಸವೆಯಿತು.

ಕಟ್ಟೆಯ ಮೇಲೆ ಗಾಳಿಯೋ ಗಾಳಿ. ಮಂಟಪದ ಬಳಿ ಹುಡುಗರು ಸೆಲ್ಫಿಗೆ ಸಾಲುಗಟ್ಟಿದ್ದರು, ಪಕ್ಕದಲ್ಲೇ ಚಿಪ್ಸ್ ಪೊಟ್ಟಣಗಳು ಹಾರಾಡುತ್ತಿದ್ದವು. ಅದರಲ್ಲೊಂದು ನಮ್ಮ ಕಣ್ಣೆದುರೇ ನೀರಿಗೆ ಬಿತ್ತು. "ಅಯ್ಯೋ, ನಾವು ಕುಡಿಯುವ ನೀರಪ್ಪಾ!" ಎಂದು ಅತ್ತೆ ಗದರಿದಾಗ ಹುಡುಗರು ನಕ್ಕರು. ಆದರೂ ಒಬ್ಬ ಉಳಿದ ಪೊಟ್ಟಣಗಳನ್ನು ಹೆಕ್ಕಿ ಚೀಲಕ್ಕೆ ತುರುಕಿದ.

ಇಲ್ಲಿ ಹೆಚ್ಚಾದ ನೀರು ಬಿಡಲು ಕ್ರೆಸ್ಟ್ ಗೇಟುಗಳಿಲ್ಲ. 130 ಅಡಿ ತುಂಬಿದರೆ ಪಕ್ಕದ ಕೋಡಿಯಲ್ಲಿ ನೀರು ತಾನಾಗಿಯೇ ಹರಿಯಬೇಕು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಬಳಿಕ. ಆ ಸಲ ಜನಜಾತ್ರೆಯೇ ನೆರೆದಿತ್ತು. ನಾವು ಹೋದ ದಿನ ಕೋಡಿಯ ಬಂಡೆಗಳು ಒಣಗಿ ಬಿಸಿಲು ಕಾಯುತ್ತಿದ್ದವು. ನನಗೆ ನಿರಾಸೆಯಾಯಿತು ಎಂದರೆ ಸುಳ್ಳಲ್ಲ.

ಅತ್ತೆಗೆ ಕೋಡಿಯ ಚಿಂತೆಯಿರಲಿಲ್ಲ. ಮಂಟಪದ ಕೆತ್ತನೆಯನ್ನೂ ನೋಡದೆ ನೇರವಾಗಿ ಕಾವಲುಗಾರನ ಬಳಿ ಹೋಗಿ, "ಈಗ ಎಷ್ಟು ಅಡಿ ಇದೆಯಪ್ಪಾ?" ಎಂದು ಕೇಳಿದರು. ಅವನು ಹೇಳಿದ ಅಂಕಿಯನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, ಸೆರಗಿನಿಂದ ಮೊಬೈಲ್ ಒರೆಸಿ, ಪಕ್ಕದ ಮನೆಯಾಕೆಗೆ ಫೋನ್ ಮಾಡಿದರು.

"ನೋಡಿ, ಈ ಬೇಸಿಗೆಗೆ ಹೊಸ ಡ್ರಮ್ ಕೊಳ್ಳುವುದು ಬೇಡ."